ಅಸಲೆಷ್ಟು, ಮಾರುವುದೆಷ್ಟು?

ಜೀವಕೋಶದ ದುಡಿಮೆ ನೂರು ಪಟ್ಟು ಹೆಚ್ಚಿತು. ಅದರ ಫಲ ಯಾರ ಪಾಲಾಯಿತು?

೨೦೧೪ನೆಯ ಇಸವಿಯ ಮಳೆಗಾಲ. ಆಗ ನಾನಿನ್ನೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನೂಲುವ ಖಾತೆಯಲ್ಲಿ ದುಡಿಯುತ್ತಿದ್ದವರೊಬ್ಬರು ಒಂದು ಸಂಜೆ ಡಾಕ್ಟರ ಚೀಟಿ ಹಿಡಿದು ಮನೆಗೆ ಬಂದರು. ಹೆಂಡತಿಗೆ ಸ್ತನದ ಕ್ಯಾನ್ಸರು, ಶಸ್ತ್ರಕ್ರಿಯೆ ಮುಗಿದಿತ್ತು. "ಮೇಷ್ಟ್ರೇ, ಇನ್ನು ಮೂರು ವಾರಕ್ಕೊಂದರಂತೆ ಹದಿನೆಂಟು ಸಲ ಈ ಮದ್ದು ಏರಿಸಬೇಕಂತೆ. ಏನು ಬರೆದಿದ್ದಾರೆ, ಓದಿ ಹೇಳಿ" ಎಂದರು. ಟ್ರಾಸ್ಟುಜುಮ್ಯಾಬ್ ಎಂದು ಬರೆದಿತ್ತು. ಇಬ್ಬರೂ ಔಷಧಿ ಅಂಗಡಿಗೆ ಹೋದೆವು. ಅಂಗಡಿಯವರು ಪಟ್ಟಿ ನೋಡಿ, "೪೪೦ ಮಿಲಿಗ್ರಾಮಿನ ಸೀಸೆಗೆ ಐವತ್ತೇಳೂವರೆ ಸಾವಿರ. ಇದು ಬೆಂಗಳೂರಿನ ಕಂಪನಿಯದು, ಇಳಿದ ಬೆಲೆ. ಹೊರದೇಶದವರದು ಎಪ್ಪತ್ತೈದು ಸಾವಿರ ಇತ್ತು" ಎಂದರು. ಆ ಕಾರ್ಮಿಕ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದರು: "ಸಾವ್ಕಾರ್ರೇ, ಇದರ ಅಸಲು ಎಷ್ಟು ಬೀಳುತ್ತೆ?"

ಅಂಗಡಿಯವರು ನಕ್ಕುಬಿಟ್ಟರು. "ನನಗೇನು ಗೊತ್ತು? ಅದನ್ನು ಯಾರೂ ಹೇಳೋದಿಲ್ಲ."

ವಾಚಕರೇ, ನಮ್ಮ ಪೇಟೆಯಲ್ಲಿ ಬೆಲ್ಲ ಮಾರುವವನಿಗೂ ಬಟ್ಟೆ ಮಾರುವವನಿಗೂ ಅಸಲು ಗೊತ್ತು. ಗಿರಾಕಿಗೂ ಸುಮಾರಾಗಿ ಗೊತ್ತು. ಅಸಲು ತಿಳಿದಿದ್ದರೆ ಲಾಭ ನ್ಯಾಯವೋ ಅನ್ಯಾಯವೋ ಎಂದು ಹೇಳಬಹುದು. ಪ್ರಾಣ ಉಳಿಸುವ ಮದ್ದಿನ ಅಸಲು ಮಾತ್ರ ಏಕೆ ಗುಟ್ಟಾಗಿರಬೇಕು? ಈ ಲೇಖನ ಬರೆಯುತ್ತಿರುವುದು ಆ ಪ್ರಶ್ನೆಗಾಗಿಯೇ.

ಮೊದಲು ಲೆಕ್ಕ ನೋಡೋಣ. ಈ ಮದ್ದನ್ನು ರೋಗಿಯ ತೂಕ ನೋಡಿ ಕೊಡುತ್ತಾರೆ. ಮೊದಲ ಸಲ ಕಿಲೋ ತೂಕಕ್ಕೆ ೮ ಮಿಲಿಗ್ರಾಂ, ಆಮೇಲೆ ಪ್ರತಿ ಸಲವೂ ೬ ಮಿಲಿಗ್ರಾಂ. ೫೫ ಕಿಲೋ ತೂಗುವ ಹೆಂಗಸಿಗೆ ಮೊದಲ ಸಲ ೪೪೦, ಉಳಿದ ಹದಿನೇಳು ಸಲಕ್ಕೆ ೩೩೦ರಂತೆ ೫,೬೧೦. ಒಟ್ಟು ೬,೦೫೦ ಮಿಲಿಗ್ರಾಂ. ಅಂದರೆ ಇಡೀ ಚಿಕಿತ್ಸೆಗೆ ಬೇಕಾದ ಮದ್ದು ಆರು ಗ್ರಾಂ ಚಿಲ್ಲರೆ. ಅದಕ್ಕೆ ಹದಿನಾಲ್ಕು ಸೀಸೆ. ಅಂದಿನ ಇಳಿದ ಬೆಲೆಯಲ್ಲಿಯೇ ಎಂಟು ಲಕ್ಷ ಐದು ಸಾವಿರ ರೂಪಾಯಿ. ಗ್ರಾಮಿಗೆ ಒಂದು ಲಕ್ಷ ಮೂವತ್ತು ಸಾವಿರ! ಆ ವರ್ಷ ಚಿನ್ನದ ಬೆಲೆ ಗ್ರಾಮಿಗೆ ಮೂರು ಸಾವಿರದ ಆಸುಪಾಸಿನಲ್ಲಿತ್ತು.

ಚಿನ್ನಕ್ಕಿಂತ ನಲವತ್ತು ಪಟ್ಟು ಬೆಲೆಬಾಳುವ ಈ ಪದಾರ್ಥವಾದರೂ ಯಾವ ಗಣಿಯಿಂದ ಬಂತು? ಇದು ಗಣಿಯಿಂದ ಬರುವುದಲ್ಲ. ಉಕ್ಕಿನ ತೊಟ್ಟಿಯಲ್ಲಿ ಬೆಳೆಸಿದ ಜೀವಕೋಶಗಳು ಇದನ್ನು ದಿನವೂ ಹೆತ್ತು ಕೊಡುತ್ತವೆ.

ಕೋಶದ ಗಿರಣಿ

ಟ್ರಾಸ್ಟುಜುಮ್ಯಾಬ್ ಒಂದು ಪ್ರೋಟೀನು. ತಲೆನೋವಿನ ಮಾತ್ರೆಯಂತೆ ರಸಾಯನ ಕೂಡಿಸಿ ಮಾಡಲು ಬಾರದಷ್ಟು ದೊಡ್ಡದು, ತೊಡಕಿನದು. ಆದುದರಿಂದ ಆ ಪ್ರೋಟೀನಿನ ನಮೂನೆಯನ್ನು, ಅಂದರೆ ಜೀನನ್ನು, ಒಂದು ಜೀವಕೋಶದೊಳಗೆ ಸೇರಿಸಿ ಅದರಿಂದಲೇ ಮಾಡಿಸುತ್ತಾರೆ. ಸರಳವಾದ ಪ್ರೋಟೀನಾದರೆ ಬ್ಯಾಕ್ಟೀರಿಯಾ ಸಾಕು. ೧೯೮೨ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇನ್ಸುಲಿನ್ ಹಾಗೆಯೇ ತಯಾರಾಯಿತು. ಆದರೆ ಟ್ರಾಸ್ಟುಜುಮ್ಯಾಬಿನಂಥ ಪ್ರೋಟೀನು ಸರಿಯಾಗಿ ಮಡಿಚಿಕೊಳ್ಳಬೇಕು, ಅದರ ಮೈಗೆ ಸಕ್ಕರೆಯ ಸಣ್ಣ ಸರಪಳಿಗಳು ಅಂಟಬೇಕು. ನಮ್ಮ ಮೈಗೆ ಹೊಂದುವಂತೆ ಆ ನೇಯ್ಗೆ ಮಾಡಬಲ್ಲವು ಸಸ್ತನಿಗಳ ಕೋಶಗಳು.

ಜಗತ್ತಿನ ಈ ಬಗೆಯ ಔಷಧಿಗಳಲ್ಲಿ ಬಹುಪಾಲು ತಯಾರಾಗುವುದು ಇಲಿಯ ಜಾತಿಯ ಒಂದು ಪುಟ್ಟ ಪ್ರಾಣಿಯ ಕೋಶದಲ್ಲಿ. ಅದು ಚೀನೀ ಹ್ಯಾಮ್‌ಸ್ಟರ್. ೧೯೪೮ರಲ್ಲಿ, ಚೀನಾದ ಅಂತರ್ಯುದ್ಧದ ಕೊನೆಯ ದಿನಗಳಲ್ಲಿ, ಕೆಲವು ಹ್ಯಾಮ್‌ಸ್ಟರುಗಳು ಅಮೆರಿಕಕ್ಕೆ ಸಾಗಿದವು. ೧೯೫೭ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಥಿಯೊಡೋರ್ ಪಕ್ ಅಂಥ ಒಂದು ಹೆಣ್ಣು ಪ್ರಾಣಿಯ ಅಂಡಾಶಯದಿಂದ ಕೋಶಗಳನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದ. ಆ ಒಂದು ಪ್ರಾಣಿಯ ಕೋಶದ ಸಂತತಿಯೇ ಇಂದಿಗೂ ಸಿ.ಎಚ್.ಓ. ಎಂಬ ಹೆಸರಿನಲ್ಲಿ ಭೂಮಂಡಲದ ಔಷಧಿ ಕಾರ್ಖಾನೆಗಳಲ್ಲಿ ದುಡಿಯುತ್ತಿದೆ. ಈ ಕೋಶದಿಂದ ತಯಾರಾದ ಮೊದಲ ಔಷಧಿ, ಹೃದಯದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟಿ.ಪಿ.ಎ., ೧೯೮೭ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು.

ಆ ಕಾಲದಲ್ಲಿ ಒಂದು ಲೀಟರು ದ್ರಾವಣದಲ್ಲಿ ಸಿಗುತ್ತಿದ್ದುದು ಸುಮಾರು ೫೦ ಮಿಲಿಗ್ರಾಂ. ೨೦೦೪ರ ಹೊತ್ತಿಗೆ ಅದು ಐದು ಗ್ರಾಮಿನ ಹತ್ತಿರಕ್ಕೆ ಏರಿತ್ತು. ಈಗ ಐದು ಗ್ರಾಂ ಎಂಬುದು ಸಾಧಾರಣ ಮಾತು. ಹತ್ತು ಗ್ರಾಂ ತೆಗೆಯುವವರೂ ಇದ್ದಾರೆ. ನೂರು ಪಟ್ಟು!

ಇದು ಹೇಗಾಯಿತು? ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ "ಇದು ನಿಮಗೆ ಅರ್ಥವಾಗದ ವಿದ್ಯೆ" ಎಂಬ ಮಾತೇ ಬೆಲೆ ಏರಿಸುವವರ ಮೊದಲ ಗುರಾಣಿ.

ಮೊದಲನೆಯದು, ನಮೂನೆಯ ಪ್ರತಿಗಳನ್ನು ಹೆಚ್ಚಿಸಿದ್ದು. ೧೯೮೦ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್‌ಲಾಬ್ ಮತ್ತು ಚೇಸಿನ್ ಎಂಬಿಬ್ಬರು ಡಿ.ಎಚ್.ಎಫ್.ಆರ್. ಎಂಬ ಅವಶ್ಯಕ ಕಿಣ್ವವಿಲ್ಲದ ಸಿ.ಎಚ್.ಓ. ಕೋಶವನ್ನು ಹುಡುಕಿ ತೆಗೆದರು. ಆ ಕುಂಟು ಕೋಶಕ್ಕೆ ಕಿಣ್ವದ ಜೀನನ್ನೂ ಔಷಧಿಯ ಜೀನನ್ನೂ ಜೊತೆಯಾಗಿ ಕೊಟ್ಟು, ಬಳಿಕ ಆ ಕಿಣ್ವವನ್ನು ತಡೆಯುವ ಮೆಥೊಟ್ರೆಕ್ಸೇಟ್ ಎಂಬ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋದರೆ, ಬದುಕುವುದು ಆ ಜೀನನ್ನು ಹತ್ತಾರು ನೂರಾರು ಪ್ರತಿ ಮಾಡಿಕೊಂಡ ಕೋಶ ಮಾತ್ರ. ಅದರ ಜೊತೆಗೆ ಔಷಧಿಯ ಜೀನೂ ಹೆಚ್ಚುತ್ತದೆ. ಎರಡನೆಯದು ಆಯ್ಕೆ. ಜೀನು ಕೋಶದೊಳಗೆ ಎಲ್ಲಿ ಹೋಗಿ ಕೂತಿತು ಎಂಬುದರ ಮೇಲೆ ದುಡಿಮೆ ನಿಂತಿದೆ. ಆದುದರಿಂದ ಸಾವಿರಾರು ಕೋಶಗಳನ್ನು ಬಿಡಿಬಿಡಿಯಾಗಿ ಬೆಳೆಸಿ, ಬಿತ್ತನೆಗೆ ಒಳ್ಳೆಯ ತೆನೆ ಆರಿಸುವಂತೆ, ಹೆಚ್ಚು ಕೊಡುವ, ಬಹುಕಾಲ ಕೊಡುವ ಒಂದನ್ನು ಆರಿಸುತ್ತಾರೆ.

ಮೂರನೆಯದು ಊಟ. ಇದರಲ್ಲಿಯೇ ದೊಡ್ಡ ಗೆಲುವು ಸಿಕ್ಕಿತು. ಮೊದಲೆಲ್ಲ ಕರುವಿನ ರಕ್ತದ ರಸ ಹಾಕಿ ಬೆಳೆಸುತ್ತಿದ್ದರು. ಅದು ದುಬಾರಿ, ರೋಗಾಣುವಿನ ಭಯವೂ ಇತ್ತು. ಈಗ ಅದನ್ನು ಬಿಟ್ಟು ಸಕ್ಕರೆ, ಅಮಿನೋ ಆಮ್ಲ, ವಿಟಮಿನ್ನು, ಲವಣಗಳನ್ನು ಅಳೆದು ಕೊಡುತ್ತಾರೆ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಕೋಶ ಹೊಟ್ಟೆಬಾಕನಂತೆ ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಅಮೋನಿಯಾವನ್ನೂ ಕಾರಿ, ತನ್ನ ಹೊಲಸಿನಲ್ಲಿ ತಾನೇ ಸಾಯುತ್ತದೆ. ದಿನವೂ ಹಸಿವು ನೋಡಿ ಹನಿಹನಿಯಾಗಿ ಉಣಿಸಿದರೆ ಎರಡು ವಾರದವರೆಗೆ ದುಡಿಯುತ್ತದೆ. ಮೊದಲು ಒಂದು ಮಿಲಿಲೀಟರಿನಲ್ಲಿ ಇಪ್ಪತ್ತು ಲಕ್ಷ ಕೋಶ ಬೆಳೆದರೆ ಹೆಚ್ಚು ಎನ್ನುತ್ತಿದ್ದರು. ಈಗ ಕೋಟಿಗೂ ಮೀರಿ ಬೆಳೆಯುತ್ತವೆ. ನಾಲ್ಕನೆಯದು ಶಾಖ. ೩೭ ಡಿಗ್ರಿಯಲ್ಲಿ ಕೋಶಗಳನ್ನು ಸಾಕಷ್ಟು ಬೆಳೆಸಿ, ಬಳಿಕ ಶಾಖವನ್ನು ೩೨–೩೩ ಡಿಗ್ರಿಗೆ ಇಳಿಸಿದರೆ ಅವು ಮರಿ ಮಾಡುವುದನ್ನು ಬಹುಮಟ್ಟಿಗೆ ನಿಲ್ಲಿಸಿ ಪ್ರೋಟೀನು ತಯಾರಿಸುವುದಕ್ಕೆ ಕೂರುತ್ತವೆ, ಬಾಳುವುದೂ ಹೆಚ್ಚು. ೨೦೧೧ರಲ್ಲಿ ಈ ಕೋಶದ ಇಡೀ ವಂಶಲಿಪಿಯನ್ನೇ ಓದಿ ಪ್ರಕಟಿಸಿದ ಮೇಲೆ, ಎಲ್ಲಿ ಯಾವ ಜೀನನ್ನು ತೆಗೆದರೆ, ಯಾವುದನ್ನು ಸೇರಿಸಿದರೆ ಇಳುವರಿ ಏರೀತು ಎಂದು ನೋಡಿ ಮಾಡುವ ಕಾಲ ಬಂದಿದೆ.

ಈಗ ಲೆಕ್ಕದ ಮುಂದಿನ ಮೆಟ್ಟಿಲು. ಹತ್ತು ಸಾವಿರ ಲೀಟರಿನ ಒಂದು ತೊಟ್ಟಿ ಎನ್ನೋಣ. ಲೀಟರಿಗೆ ೫೦ ಮಿಲಿಗ್ರಾಮಾದರೆ ಅರ್ಧ ಕಿಲೋ. ಶುದ್ಧಿ ಮಾಡುವಾಗ ಹತ್ತರಲ್ಲಿ ಮೂರು ಪಾಲು ನಷ್ಟವಾಗಿ ೩೫೦ ಗ್ರಾಂ ಉಳಿಯಿತು ಎನ್ನೋಣ. ಆರು ಗ್ರಾಂ ಲೆಕ್ಕದಲ್ಲಿ ೫೮ ಹೆಂಗಸರ ಚಿಕಿತ್ಸೆ. ಲೀಟರಿಗೆ ಐದು ಗ್ರಾಮಾದರೆ? ಅದೇ ತೊಟ್ಟಿಯಿಂದ ೫,೮೦೦ ಹೆಂಗಸರ ಚಿಕಿತ್ಸೆ. ಅದೇ ಉಕ್ಕು, ಅದೇ ಕಟ್ಟಡ, ಹೆಚ್ಚುಕಡಿಮೆ ಅಷ್ಟೇ ಮಂದಿ ಕೆಲಸಗಾರರು.

ಅಸಲಿನ ಗುಟ್ಟು

ನಮ್ಮ ಗಿರಣಿ ಬಾಂಧವರಿಗೆ ಈ ಕಥೆಯ ರುಚಿ ಹೊಸದಲ್ಲ. ಎರಡು ಮಗ್ಗ ನೋಡುತ್ತಿದ್ದವನ ಕೈಗೆ ನಾಲ್ಕು ಮಗ್ಗ ಕೊಟ್ಟಾಗ "ಉತ್ಪಾದನೆ ಹೆಚ್ಚಿದರೆ ಎಲ್ಲರಿಗೂ ಲಾಭ" ಎಂದು ಹೇಳಿದ್ದನ್ನು ಅವರು ಮರೆತಿಲ್ಲ. ಕೂಲಿ ಇಮ್ಮಡಿಯಾಗಲಿಲ್ಲ, ಬಟ್ಟೆಯ ಬೆಲೆ ಅರ್ಧಕ್ಕೆ ಇಳಿಯಲೂ ಇಲ್ಲ. ಹ್ಯಾಮ್‌ಸ್ಟರಿನ ಕೋಶಕ್ಕೆ ಕೂಲಿಯೂ ಇಲ್ಲ, ಸಂಘವೂ ಇಲ್ಲ. ನೂರು ಪಟ್ಟು ದುಡಿದರೂ ಅದು ಬೋನಸ್ ಕೇಳುವುದಿಲ್ಲ. ಹಾಗಾದರೆ ಹೆಚ್ಚಿದ ತೊಂಬತ್ತೊಂಬತ್ತು ಪಾಲು ಹೋದದ್ದೆಲ್ಲಿಗೆ?

ಈ ಉದ್ಯಮದ ಇಂಜಿನಿಯರುಗಳೇ ತಾಂತ್ರಿಕ ಪತ್ರಿಕೆಗಳಲ್ಲಿ ಅಂದಾಜು ಪ್ರಕಟಿಸಿದ್ದಾರೆ. ದೊಡ್ಡ ಕಾರ್ಖಾನೆಯಲ್ಲಿ, ಸೀಸೆಗೆ ತುಂಬುವ ಮುನ್ನ, ಇಂಥ ಪ್ರೋಟೀನಿನ ತಯಾರಿಕೆಯ ಖರ್ಚು ಗ್ರಾಮಿಗೆ ಕೆಲವು ಹತ್ತು ಡಾಲರಿನಿಂದ ಒಂದೆರಡು ನೂರು ಡಾಲರಿನವರೆಗೆ. ಧಾರಾಳವಾಗಿ ಇನ್ನೂರು ಡಾಲರೆಂದೇ ಹಿಡಿಯೋಣ. ೨೦೧೪ರ ವಿನಿಮಯದಲ್ಲಿ ಹನ್ನೆರಡು ಸಾವಿರ ರೂಪಾಯಿ. ಆರು ಗ್ರಾಮಿಗೆ ಎಪ್ಪತ್ತೆರಡು ಸಾವಿರ. ಸೀಸೆ, ಪರೀಕ್ಷೆ, ಸಾಗಣೆ ಎಂದು ಇನ್ನಷ್ಟು ಸೇರಿಸಿ. ಎಂಟು ಲಕ್ಷ ಎಲ್ಲಿಂದ ಬಂತು?

ಅಮೆರಿಕದ ಒಂದು ಉದಾಹರಣೆ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಇದೇ ಸಿ.ಎಚ್.ಓ. ಕೋಶದಿಂದ ತಯಾರಾಗುವ ಪೆಂಬ್ರೊಲಿಜುಮ್ಯಾಬ್, ಮಾರಾಟದ ಹೆಸರು ಕೀಟ್ರೂಡಾ, ೨೦೧೪ರಲ್ಲಿ ಅಲ್ಲಿ ಒಪ್ಪಿಗೆ ಪಡೆಯಿತು. ಒಂದು ಸಲಕ್ಕೆ ೨೦೦ ಮಿಲಿಗ್ರಾಂ. ನಮ್ಮ ಧಾರಾಳದ ಲೆಕ್ಕದಲ್ಲಿ ಅದರ ಪ್ರೋಟೀನಿನ ತಯಾರಿಕೆಗೆ ನಲವತ್ತು ಡಾಲರ್. ಅಲ್ಲಿ ಅದರ ಪಟ್ಟಿ ಬೆಲೆ ೨೦೨೫ರಲ್ಲಿ ಹನ್ನೊಂದು ಸಾವಿರ ಡಾಲರಿಗೂ ಮೇಲೆ. ನಮ್ಮ ಪೇಟೆಯಲ್ಲಿ ಅಕ್ಕಿಯನ್ನೋ ಸೀಮೆಎಣ್ಣೆಯನ್ನೋ ಇಂಥ ಲಾಭಕ್ಕೆ ಮಾರಿದವನನ್ನು ಕಾಳಸಂತೆಕೋರನೆಂದು ಹಿಡಿದು ಒಳಗೆ ಹಾಕುತ್ತಾರೆ. ಇದಕ್ಕೆ ಮಾತ್ರ ಸಂಶೋಧನೆಯ ಪ್ರತಿಫಲ ಎಂಬ ಗೌರವದ ಹೆಸರು!

ಅವರ ವಾದ, ನಮ್ಮ ಉತ್ತರ

"ಸಂಶೋಧನೆಗೆ ನಾವು ಹಣ ಸುರಿದಿದ್ದೇವೆ, ಹತ್ತು ಮದ್ದು ಹಿಡಿದರೆ ಒಂಬತ್ತು ಸೋಲುತ್ತವೆ" ಎನ್ನುತ್ತಾರೆ ಕಂಪನಿಯವರು. ಸೋಲುಗಳುಂಟು, ಖರ್ಚೂ ಉಂಟು. ಯಾರೂ ಅಲ್ಲಗಳೆಯಲಾರರು. ಆದರೆ ಬೀಜ ಬಿತ್ತಿದವರು ಯಾರು? ಪಕ್, ಅರ್‌ಲಾಬ್, ಚೇಸಿನ್ ಎಲ್ಲರೂ ವಿಶ್ವವಿದ್ಯಾಲಯದವರು. ಕೋಶದೊಳಕ್ಕೆ ಹೊರಗಿನ ಜೀನನ್ನು ಸೇರಿಸುವ ಉಪಾಯವನ್ನು ಕೊಲಂಬಿಯಾದಲ್ಲಿ ರಿಚರ್ಡ್ ಆಕ್ಸೆಲ್ ಮತ್ತು ಸಂಗಡಿಗರು ಕಂಡುಹಿಡಿದದ್ದು ಸರ್ಕಾರದ ಅನುದಾನದಿಂದ. ೧೯೮೩ರಲ್ಲಿ ಅದಕ್ಕೆ ಪೇಟೆಂಟು ಬಂತು. ಸಾರ್ವಜನಿಕರ ಹಣದಿಂದ ಹುಟ್ಟಿದ ಆ ವಿದ್ಯೆಯ ಬಾಡಿಗೆಯಾಗಿ ಕೋಟಿಗಟ್ಟಲೆ ಡಾಲರು ವಿಶ್ವವಿದ್ಯಾಲಯಕ್ಕೆ ಹರಿಯಿತು. ಅವಧಿ ಮುಗಿದ ಮೇಲೆ ೨೦೦೨ರಲ್ಲಿ ಇನ್ನೊಂದು ಪೇಟೆಂಟು ಪಡೆದು ಬಾಡಿಗೆ ಮುಂದುವರಿಸಲು ನೋಡಿದಾಗ ಔಷಧಿ ಕಂಪನಿಗಳೇ ನ್ಯಾಯಾಲಯಕ್ಕೆ ಓಡಿದವು! ತಮ್ಮ ಜೇಬಿಗೆ ಕೈ ಬಿದ್ದಾಗ ಪೇಟೆಂಟು ಅನ್ಯಾಯವೆಂದು ಅವರಿಗೂ ತೋರಿತು.

ಇನ್ನೊಂದು ಸಂಗತಿ ಕೇಳಿ. ಮೂತ್ರಪಿಂಡ ಕೆಟ್ಟವರಿಗೆ ರಕ್ತ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಎಂಬ ಪ್ರೋಟೀನನ್ನು ಷಿಕಾಗೊ ವಿಶ್ವವಿದ್ಯಾಲಯದ ಯೂಜಿನ್ ಗೋಲ್ಡ್‌ವಾಸರ್ ಮೊದಲು ಶುದ್ಧವಾಗಿ ತೆಗೆದದ್ದು ೧೯೭೭ರಲ್ಲಿ. ಅದಕ್ಕಾಗಿ ಜಪಾನಿನ ಕುಮಾಮೊಟೊದ ರಕ್ತಹೀನ ರೋಗಿಗಳ ೨,೫೫೦ ಲೀಟರು ಮೂತ್ರವನ್ನು ಕೂಡಿಹಾಕಿದ್ದರು. ಸಿಕ್ಕಿದ್ದು ಎಂಟು ಮಿಲಿಗ್ರಾಂ. ಅದರ ಆಧಾರದ ಮೇಲೆ ಆಮ್ಜೆನ್ ಕಂಪನಿ ಜೀನನ್ನು ಹಿಡಿದು, ಸಿ.ಎಚ್.ಓ. ಕೋಶದಲ್ಲಿ ಸೇರಿಸಿ, ೧೯೮೯ರಿಂದ ಮಾರಿ ಶತಕೋಟಿಗಟ್ಟಲೆ ಡಾಲರು ಗಳಿಸಿತು. ಗೋಲ್ಡ್‌ವಾಸರ್ ಪೇಟೆಂಟು ತೆಗೆಸಿರಲಿಲ್ಲ. ಮೂತ್ರ ಕೊಟ್ಟವರು ರೋಗಿಗಳು, ಹಣ ಕೊಟ್ಟವರು ತೆರಿಗೆದಾರರು, ಬೆವರು ಹರಿಸಿದವರು ವಿಜ್ಞಾನಿಗಳು. ಪೆಟ್ಟಿಗೆಯ ಬೀಗದ ಕೈ ಮಾತ್ರ ಮತ್ತೊಬ್ಬರ ಸೊಂಟದಲ್ಲಿ!

ಇನ್ನು ಖರ್ಚು ಹಿಂದಿರುಗುವ ಮಾತು. ಟ್ರಾಸ್ಟುಜುಮ್ಯಾಬಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ೧೯೯೮ರಲ್ಲಿ. ಇಪ್ಪತ್ತು ವರ್ಷದ ಬಳಿಕವೂ, ೨೦೧೮ರ ಒಂದೇ ವರ್ಷದಲ್ಲಿ, ರೋಷ್ ಕಂಪನಿಗೆ ಅದರ ಮಾರಾಟದಿಂದ ಬಂದದ್ದು ಸುಮಾರು ೭೦೦ ಕೋಟಿ ಸ್ವಿಸ್ ಫ್ರಾಂಕು. ಯಾವ ಸಾಲ ಇಪ್ಪತ್ತು ವರ್ಷವಾದರೂ ತೀರಲಿಲ್ಲ? ನಿಜವಾಗಿಯೂ ಖರ್ಚು ದೊಡ್ಡದಾದರೆ ಲೆಕ್ಕದ ಪುಸ್ತಕ ತೆರೆಯಲಿ. ೨೦೧೯ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಭೆ ಔಷಧಿಗಳ ಬೆಲೆ ಪಾರದರ್ಶಕವಾಗಬೇಕೆಂದು ನಿರ್ಣಯ ಮಾಡಿತು. ಸಂಶೋಧನೆಯ ವೆಚ್ಚವನ್ನು ಬಹಿರಂಗಪಡಿಸಲೇಬೇಕು ಎಂಬ ಕಟ್ಟುಪಾಡು ಮಾತ್ರ ಅದರಲ್ಲಿ ಬರಲಿಲ್ಲ. ಶುದ್ಧ ಲೆಕ್ಕವಿರುವವನಿಗೆ ಪುಸ್ತಕ ತೋರಿಸಲು ಭಯವೇಕೆ?

"ಇದು ಸೂಕ್ಷ್ಮ ಕೆಲಸ; ಗುಣ ಕೆಟ್ಟರೆ ರೋಗಿ ಸಾಯುತ್ತಾನೆ" ಎಂಬುದು ಎರಡನೆಯ ವಾದ. ಇದು ಸುಳ್ಳಲ್ಲ. ಸಕ್ಕರೆಯ ಸರಪಳಿ ಬದಲಾದರೆ ಮದ್ದಿನ ಗುಣವೇ ಬದಲಾದೀತು. ತೊಟ್ಟಿಯೊಳಗೆ ಒಂದು ವೈರಸ್ಸು ಹೊಕ್ಕರೆ ಇಡೀ ಹುಟ್ಟುವಳಿ ಚರಂಡಿಗೆ. ಇಳುವರಿ ಏರಿದ ಮೇಲೆ ಶುದ್ಧಿ ಮಾಡುವ ಖಾತೆಯೇ ಹೆಚ್ಚು ಖರ್ಚಿನದಾಗಿದೆ ಎಂಬುದನ್ನೂ ಒಪ್ಪೋಣ. ಆದರೆ ಮೇಲೆ ಹೇಳಿದ ಗ್ರಾಮಿನ ಖರ್ಚಿನಲ್ಲಿ ಆ ಶುದ್ಧಿಯೂ ಸೇರಿದೆ. ಜಾಗರೂಕತೆಗೆ ಕೂಲಿ ಕೊಡೋಣ. ಜಾಗರೂಕತೆಯ ಹೆಸರಿನಲ್ಲಿ ಸುಲಿಗೆ ಬೇಡ.

ನಮ್ಮ ಕೈಲಾಗದ ಕೆಲಸವೇ?

೨೦೧೨ರಿಂದ ದೇಶದಲ್ಲಿ ಕೆಲವು ಹೆಂಗಸರೂ ಆರೋಗ್ಯ ಕಾರ್ಯಕರ್ತರೂ ಸೇರಿ ಅಗ್ಗದ ಟ್ರಾಸ್ಟುಜುಮ್ಯಾಬಿಗಾಗಿ ಚಳವಳಿ ಹೂಡಿದರು. ೨೦೧೩ರಲ್ಲಿ ರೋಷ್ ಇಲ್ಲಿನ ಪೇಟೆಂಟನ್ನು ಕೈಬಿಟ್ಟಿತು. ೨೦೧೪ರಲ್ಲಿ ಬೆಂಗಳೂರಿನ ಬಯೋಕಾನ್ ಅದೇ ಬಗೆಯ ಮದ್ದನ್ನು ಪೇಟೆಗೆ ತಂದಿತು. ತಕ್ಷಣ ರೋಷ್ ದಿಲ್ಲಿಯ ಹೈಕೋರ್ಟಿಗೆ ಹೋಯಿತು. ಪೇಟೆಂಟು ಹೋದರೂ ವ್ಯಾಜ್ಯ ಹೋಗಲಿಲ್ಲ! ಆದರೆ ೨೦೧೭ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರವೇ ಬಯೋಕಾನ್ ಮತ್ತು ಮೈಲಾನ್ ಕಂಪನಿಗಳು ಅಭಿವೃದ್ಧಿಪಡಿಸಿದ ಟ್ರಾಸ್ಟುಜುಮ್ಯಾಬಿಗೆ ಒಪ್ಪಿಗೆಯ ಮುದ್ರೆ ಒತ್ತಿತು. ನಮ್ಮವರಿಗೆ ಈ ವಿದ್ಯೆ ಬಾರದು ಎನ್ನುವವರ ಬಾಯಿ ಅಂದು ಕಟ್ಟಿತು.

ಬಳಿಕ ಬೇರೆ ಕಂಪನಿಗಳೂ ಬಂದವು, ಬೆಲೆ ಇಳಿಯಿತು. ಪೈಪೋಟಿಯ ಉಪಕಾರವನ್ನು ನಾವು ಮರೆಯುವುದಿಲ್ಲ. ಆದರೆ ವಿದೇಶಿ ಧಣಿಯ ಜಾಗದಲ್ಲಿ ಸ್ವದೇಶಿ ಧಣಿ ಕೂತರೆ ಅಸಲಿನ ಗುಟ್ಟು ಬಯಲಾಗುವುದಿಲ್ಲ. ಮೊದಲನೆಯವನು ಎಪ್ಪತ್ತೈದು ಎಂದರೆ ಎರಡನೆಯವನು ಐವತ್ತೇಳೂವರೆ ಎನ್ನುತ್ತಾನೆ; ಆ ಬೆಲೆ ನಿಂತಿದ್ದು ಮೊದಲನೆಯವನ ಬೆಲೆಯ ನೆರಳಿನಲ್ಲಿ.

ಸರ್ಕಾರ ಏನು ಮಾಡುತ್ತಿದೆ? ೧೯೯೫ರ ಔಷಧಿ ಬೆಲೆ ಆಜ್ಞೆಯಲ್ಲಿ ಅಸಲನ್ನು ಲೆಕ್ಕ ಹಾಕಿ ಮೇಲಿಷ್ಟು ಎಂದು ಬೆಲೆ ಕಟ್ಟುವ ಕ್ರಮವಿತ್ತು. ೨೦೧೩ರ ಆಜ್ಞೆಯಲ್ಲಿ ಅದನ್ನು ಕಿತ್ತುಹಾಕಿದರು. ಈಗ ಪೇಟೆಯಲ್ಲಿ ಮಾರುವವರು ಕೇಳುವ ಬೆಲೆಗಳ ಸರಾಸರಿ ತೆಗೆದು, ಚಿಲ್ಲರೆ ಅಂಗಡಿಯವನ ಪಾಲು ಶೇಕಡ ೧೬ ಸೇರಿಸಿ, ಇದೇ ಗರಿಷ್ಠ ಬೆಲೆ ಎನ್ನುತ್ತಾರೆ. ವ್ಯಾಪಾರಿ ಬಾಂಧವರೇ, ಗಮನಿಸಿ. ಅಂಗಡಿಯವನ ಪಾಲು ಇಷ್ಟೆಂದು ಕಾಗದದಲ್ಲಿ ಬರೆದಿದೆ. ತಯಾರಕನ ಲಾಭ ಇಷ್ಟೆಂದು ಎಲ್ಲಿಯೂ ಬರೆದಿಲ್ಲ. ಟ್ರಾಸ್ಟುಜುಮ್ಯಾಬ್ ೨೦೧೫ರಲ್ಲಿ ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿತು. ಬೆಲೆ ಕಟ್ಟಿದ್ದು ಈ ಹೊಸ ಕ್ರಮದಿಂದಲೇ. ಸುಲಿಯುವವರನ್ನೇ ಸಾಲಾಗಿ ನಿಲ್ಲಿಸಿ, "ನೀವು ಎಷ್ಟೆಷ್ಟು ಸುಲಿಯುತ್ತೀರಿ?" ಎಂದು ಕೇಳಿ ಸರಾಸರಿ ತೆಗೆಯುವುದು ಯಾವ ನ್ಯಾಯ?

ಬೇರೆ ದಾರಿಯಿಲ್ಲವೇ? ಇದೆ. ಕ್ಯೂಬಾ ಎಂಬ ಪುಟ್ಟ ದೇಶ, ಅಮೆರಿಕದ ದಿಗ್ಬಂಧನದ ನಡುವೆ, ೧೯೯೪ರಲ್ಲಿ ಹವಾನಾದಲ್ಲಿ ಅಣುರೋಗನಿರೋಧ ಕೇಂದ್ರವೆಂಬ ಸರ್ಕಾರಿ ಸಂಸ್ಥೆಯನ್ನು ತೆರೆದು, ಸಸ್ತನಿ ಕೋಶಗಳ ತೊಟ್ಟಿಗಳನ್ನು ನಿಲ್ಲಿಸಿತು. ಅಲ್ಲಿ ಹುಟ್ಟಿದ ನಿಮೊಟುಜುಮ್ಯಾಬ್ ೨೦೦೬ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ಮದ್ದಾಗಿ ನಮ್ಮ ಬೆಂಗಳೂರಿನಿಂದಲೇ ಭಾರತದ ಪೇಟೆಗೆ ಬಂತು. ಸಕ್ಕರೆ ಬೆಳೆಯುವ ಆ ಬಡ ದೇಶ ಕಲಿಸಿದ ವಿದ್ಯೆಯನ್ನು ನಮ್ಮ ಖಾಸಗಿ ಕಂಪನಿ ಕಲಿಯಬಹುದಾದರೆ, ನಮ್ಮ ಸರ್ಕಾರಕ್ಕೆ ಏನು ಅಡ್ಡಿ? ೧೯೫೪ರಲ್ಲಿ ಪಿಂಪ್ರಿಯಲ್ಲಿ ಪೆನಿಸಿಲಿನ್ ಕಾರ್ಖಾನೆಯನ್ನು ಸರ್ಕಾರವೇ ಕಟ್ಟಿತ್ತು. ಆಗಲೂ "ಇದು ನಮ್ಮ ಕೈಲಾಗದು" ಎನ್ನುವವರಿಗೆ ಕೊರತೆಯಿರಲಿಕ್ಕಿಲ್ಲ.

ಆದುದರಿಂದ ನಾವು ಕೇಳಬೇಕಾದ್ದು ನಾಲ್ಕು. ಒಂದು: ಕೋಶಗಳಿಂದ ತಯಾರಾಗುವ ಪ್ರತಿ ಔಷಧಿಯ ತಯಾರಿಕೆಯ ಅಸಲನ್ನು ಸರ್ಕಾರದ ಮುಂದೆ ಇಡಬೇಕು, ಜನರಿಗೆ ತಿಳಿಸಬೇಕು. ಎರಡು: ಬೆಲೆಯನ್ನು ಪೇಟೆಯ ಸರಾಸರಿಯಿಂದ ಬಿಡಿಸಿ ಮತ್ತೆ ಅಸಲಿನ ಮೇಲೆ ಕಟ್ಟಬೇಕು, ಇಳುವರಿ ಏರಿದಂತೆ ಬೆಲೆ ಇಳಿಯಬೇಕು. ಮೂರು: ಕೇಂದ್ರ, ರಾಜ್ಯ ಎರಡರ ಪಾಲೂ ಇರುವ ಕರ್ನಾಟಕ ಆಂಟಿಬಯೋಟಿಕ್ಸ್ ಕಂಪನಿ ಬೆಂಗಳೂರಿನಲ್ಲಿಯೇ ಇದೆ, ಅಂಥ ಸಾರ್ವಜನಿಕ ಕಾರ್ಖಾನೆಯಲ್ಲಿ ಈ ತೊಟ್ಟಿಗಳು ನಿಲ್ಲಬೇಕು. ನಾಲ್ಕು: ಸಾರ್ವಜನಿಕ ಹಣದಿಂದ ಅಭಿವೃದ್ಧಿಯಾದ, ಹೆಚ್ಚು ಇಳುವರಿ ಕೊಡುವ ಕೋಶಗಳನ್ನು ಪುಣೆಯ ರಾಷ್ಟ್ರೀಯ ಕೋಶ ಭಂಡಾರದಂಥ ಕಡೆ ಇಟ್ಟು, ಯೋಗ್ಯತೆಯುಳ್ಳ ಯಾರು ಕೇಳಿದರೂ ಕೊಡಬೇಕು. ಒಳ್ಳೆಯ ಬಿತ್ತನೆ ಬೀಜ ಊರಿನ ಸೊತ್ತಾಗಿದ್ದ ಹಾಗೆ, ಒಳ್ಳೆಯ ಕೋಶವೂ ನಾಡಿನ ಸೊತ್ತಾಗಲಿ.

ಇಳುವರಿ ಇನ್ನೂ ಏರುತ್ತದೆ. ಸಿರಿವಂತರ ಪ್ರಯೋಗಶಾಲೆಗಳಲ್ಲಿ ಹತ್ತು ಗ್ರಾಮನ್ನು ಇಪ್ಪತ್ತು ಮಾಡಲು ಹೆಣಗುತ್ತಿದ್ದಾರೆ. ಹೆಣಗಲಿ, ಗೆಲ್ಲಲಿ. ಆ ವಿಜ್ಞಾನಿಗಳಿಗೆ ನಮ್ಮ ನಮಸ್ಕಾರ. ಆದರೆ ತೊಟ್ಟಿಯಲ್ಲಿ ಏರಿದ ಗ್ರಾಂ ಮನೆಯ ಬಾಗಿಲಿಗೆ ಇಳಿದು ಬರಬೇಕಾದರೆ ಅದಕ್ಕೆ ವಿಜ್ಞಾನ ಒಂದೇ ಸಾಲದು. ಕೇಳುವ ಜನ ಬೇಕು.

ಆ ಕಾರ್ಮಿಕರ ಹೆಂಡತಿಗೆ ನಾಲ್ಕು ಸೀಸೆ ಹಾಕಿಸಿದರು. ಮೊದಲೆರಡಕ್ಕೆ ಕೂಡಿಟ್ಟ ಹಣ, ಮೂರನೆಯದಕ್ಕೆ ಸಾಲ, ನಾಲ್ಕನೆಯದಕ್ಕೆ ಕೊರಳಿನ ಸರ. ಐದನೆಯದಕ್ಕೆ ಏನೂ ಉಳಿಯಲಿಲ್ಲ. ಎರಡು ವರ್ಷದ ಮೇಲೆ ಆ ತಾಯಿ ತೀರಿಕೊಂಡರು. ಹದಿನಾಲ್ಕೂ ಸೀಸೆ ಹಾಕಿದ್ದರೆ ಉಳಿಯುತ್ತಿದ್ದರೇ? ಅದನ್ನು ಯಾವ ಡಾಕ್ಟರೂ ಖಂಡಿತವಾಗಿ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಅವರ ಪಾಲಿನ ಹತ್ತು ಸೀಸೆ ಮದ್ದನ್ನು ತಯಾರಿಸುವ ಶಕ್ತಿ ಈ ಜಗತ್ತಿಗೆ ಅಂದೇ ಇತ್ತು, ಧಾರಾಳವಾಗಿ ಇತ್ತು.

ಅಂಗಡಿಯ ಕಟ್ಟೆಯ ಮೇಲೆ ನಿಂತು ಅವರು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಇನ್ನು ಅದನ್ನು ಒಬ್ಬರೇ ಕೇಳುವುದು ಬೇಡ. ಗಿರಣಿಯ ಬಾಗಿಲಲ್ಲಿ, ಪೇಟೆಯ ಬೀದಿಯಲ್ಲಿ, ಮತ ಕೇಳಲು ಬಂದವರ ಮುಖಕ್ಕೆ, ಎಲ್ಲರೂ ಸೇರಿ ಕೇಳೋಣ: ಅಸಲೆಷ್ಟು?